ಅವಳ ವೀಸಾದಲ್ಲಿ

ಊಟ ಮುಗಿಸಿ ಕೈ ತೊಳೆದು ಬಂದ ಮೊಯ್ದಿನ್ ಮಾಮ ಸೋಫಾದಲ್ಲಿ ಕೂರುತ್ತಲೇ ಕೇಳಿದರು: "ಅದಿರಲಿ, ಚೀನಾದಲ್ಲಿ ನಿನಗೆ ಎಂತ ಕೆಲಸ?"

ಹಿಶಾಮ್ ಈ ಪ್ರಶ್ನೆಗೆ ತಯಾರಾಗಿಯೇ ಇದ್ದ. ಹಾಂಗ್‌ಝೌ ನಗರದ ಇಂಟರ್‌ನ್ಯಾಷನಲ್ ಶಾಲೆಯೊಂದು ಕರೆದಿದ್ದು ಅವನನ್ನಲ್ಲ. ದೋಹಾದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವನ ಹೆಂಡತಿ ಶಹನಾಳನ್ನು. ಇರಲು ಮನೆ, ಮಗಳಿಗೆ ಅಲ್ಲೇ ಓದು, ಎಲ್ಲವೂ ಅವಳ ಕೆಲಸದ ಜೊತೆಗೆ ಬಂದಿದ್ದವು. ಹಿಶಾಮ್ ಹೋಗುವುದು ಅವಳ ವೀಸಾದಲ್ಲಿ. ಆ ವೀಸಾದಲ್ಲಿ ಹೋದವನು ಕೆಲಸ ಮಾಡುವ ಹಾಗಿಲ್ಲ. ಆದರೂ ಹೋಗೋಣ ಎಂದು ಮೊದಲು ಹೇಳಿದವನು ಅವನೇ. ಎ.ಸಿ. ಸ್ಪೇರ್‌ಪಾರ್ಟ್ಸ್ ಕಂಪೆನಿಯ ಸೇಲ್ಸ್‌ಮನ್ ಆಗಿ ಬಿಸಿಲಿನಲ್ಲಿ ಅಂಗಡಿ ಅಂಗಡಿ ತಿರುಗಿದ್ದು ಅವನಿಗೆ ಸಾಕಾಗಿತ್ತು. ಇದನ್ನು ಮಾಮನಿಗೆ ಹೇಗೆ ಹೇಳಬೇಕೆಂದು ಶುಕ್ರವಾರದ ಜುಮಾ ನಮಾಜು ಮುಗಿಸಿ ದೋಹಾ ಹೊರವಲಯದ ಅಲ್ ವುಕೈರ್‌ನ ಮನೆಗೆ ಮರಳುವಾಗ ಕಾರಿನಲ್ಲಿ ತನ್ನಷ್ಟಕ್ಕೆ ಹೇಳಿ ನೋಡಿಕೊಂಡಿದ್ದ. ಅವನಿಗೆ ಕತಾರಿನ ಮೊದಲ ವೀಸಾ ಮಾಡಿಸಿ ಕೊಟ್ಟು, ಏರ್‌ಪೋರ್ಟಿನಿಂದ ಕರೆತಂದು ರೂಮಿಗೆ ಬಿಟ್ಟವರು ಇದೇ ಮಾಮ, ಅವನ ತಾಯಿಯ ತಮ್ಮ.

"ಮಾಮಾ, ನಾನು ಅಲ್ಲಿ..."

"ಅವರಿಗೂ ಸಿಕ್ಕಿದೆ ಮಾಮಾ." ಅಡುಗೆಮನೆಯ ಬಾಗಿಲಿನಿಂದ ಶಹನಾ ಹೇಳಿದಳು. ಅವಳ ಕೈಯಲ್ಲಿ ಸುಲೈಮಾನಿ ಚಹಾದ ಟ್ರೇ ಇತ್ತು. "ಅದೇ ಶಾಲೆಯಲ್ಲಿ. ಆಫೀಸ್ ಕೆಲಸ."

"ಮಾಶಾ ಅಲ್ಲಾಹ್!" ಮಾಮನ ಮುಖ ಅರಳಿತು. "ನನಗೆ ಅದೇ ತಲೆಬಿಸಿ ಆಗಿತ್ತು. ಮೊನ್ನೆ ಮುಂತಜಾ ಏರಿಯಾದ ಹೋಟೆಲಿನಲ್ಲಿ ಯಾರೋ ಹೇಳಿದ್ರು, ಹಿಶಾಮ್ ಕೆಲಸ ಬಿಟ್ಟು ಹೆಂಡತಿಯ ಹಿಂದೆ ಹೋಗ್ತಾನಂತೆ ಅಂತ. ಜನರ ಬಾಯಿ ನೋಡು!"

ಹಿಶಾಮ್ ಚಹಾದ ಗ್ಲಾಸು ತೆಗೆದುಕೊಂಡ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಮಾಮ ಚೀನಾದ ಚಳಿಯ ಬಗ್ಗೆ ಮಾತಾಡಿದರು, ಮಾಂಸ ತಿನ್ನುವಾಗ ಹಲಾಲ್ ನೋಡಿ ತಿನ್ನಬೇಕೆಂದರು. ಹೊರಟಾಗ ಲಿಫ್ಟಿನ ಬಳಿ ಅಳಿಯನ ಭುಜ ಹಿಡಿದು, "ಯಲ್ಲಾ, ಹೊರಡ್ತೇನೆ. ಇನ್ನು ನನಗೆ ಸಮಾಧಾನ" ಎಂದರು.

ಒಳಗೆ ಬಂದ ಹಿಶಾಮ್ ಬಾಗಿಲು ಹಾಕಿದ. ಶಹನಾ ತಟ್ಟೆಗಳನ್ನು ತೊಳೆಯುತ್ತಿದ್ದಳು.

"ಯಾಕೆ ಹಾಗೆ ಹೇಳಿದೆ?"

"ಮಾಮನಿಗೆ ಬೇಜಾರಾಗುದು ಬೇಡ ಅಂತ."

"ನಾನು ಇದ್ದದ್ದು ಇದ್ದ ಹಾಗೆ ಹೇಳ್ಲಿಕ್ಕೆ ಹೊರಟಿದ್ದೆ."

"ಗೊತ್ತುಂಟು. ಅದಕ್ಕೇ."

"ಮನೆಯಲ್ಲಿ ಇರ್ಲಿಕ್ಕೆ ನನಗೆ ನಾಚಿಕೆ ಇಲ್ಲ ಶಹನಾ. ನಿನಗೆ ಉಂಟಾ?"

ಅವಳು ಮತ್ತೊಂದು ತಟ್ಟೆ ತೊಳೆದು ಬದಿಗಿಟ್ಟಳು. "ಸ್ಟಾಫ್‌ರೂಮಲ್ಲಿ ದಿನಾ ಒಬ್ಬರಲ್ಲ ಒಬ್ಬರು ಕೇಳ್ತಾರೆ, ನಿಮ್ಮ ಹಸ್ಬೆಂಡ್ ಅಲ್ಲಿ ಎಂತ ಮಾಡ್ತಾರೆ ಅಂತ. ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಗುವ ಮೊದಲು ನಾನು ಇದೇ ದೋಹಾದಲ್ಲಿ ನಾಲ್ಕೈದು ವರ್ಷ ಗೋಡೆ ನೋಡಿಕೊಂಡು ಕೂತಿದ್ದೆ. ಆಗ ಯಾರಾದ್ರೂ ನಿಮ್ಮ ಹತ್ರ ಕೇಳಿದ್ರಾ, ಹೆಂಡತಿ ಎಂತ ಮಾಡ್ತಾಳೆ ಅಂತ?"

"ಇಲ್ಲ."

"ನಿಮ್ಮದು ಕೇಳ್ತಾರೆ. ನಾಚಿಕೆ ಅಂತ ಅಲ್ಲ. ಆದ್ರೆ ಕೇಳಿದ ಕೂಡ್ಲೆ ಬಾಯಿಗೆ ಸುಳ್ಳೇ ಬರ್ತದೆ."

"ಅವರಿಗೂ ಆಫೀಸ್ ಅಂತಲೇ ಹೇಳಿದ್ದೀಯಾ?"

ಶಹನಾ ಹೌದೆಂದು ತಲೆಯಾಡಿಸಿದಳು.

ರಾಜೀನಾಮೆ ಕೊಟ್ಟ ದಿನ ಆಗದಿದ್ದ ಅವಮಾನ ಹಿಶಾಮನಿಗೆ ಈಗ ಆಯಿತು. ಏನಾದರೂ ಅಂದುಬಿಡೋಣ ಎನಿಸಿತು. ಆದರೆ ಆ ನಾಲ್ಕೈದು ವರ್ಷಗಳಲ್ಲಿ ಸಂಜೆ ಮನೆಗೆ ಬಂದು ಅವಳನ್ನು ತಾನು ಕೂಡ ಒಂದು ದಿನವೂ ಏನೂ ಕೇಳಿರಲಿಲ್ಲ ಎಂಬುದು ನೆನಪಾಯಿತು. ಅವನು ಬಟ್ಟೆ ತೆಗೆದುಕೊಂಡು ಅವಳು ತೊಳೆದಿಟ್ಟ ತಟ್ಟೆಗಳನ್ನು ಒರೆಸತೊಡಗಿದ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಉಪ್ಪಿನಂಗಡಿಯಿಂದ ಉಮ್ಮ. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದ.

"ಮಗಾ, ಮಾಮ ಈಗ ಫೋನ್ ಮಾಡಿದ್ದ. ಇನ್ನೂ ನಿಮ್ಮ ಮನೆಯ ಕೆಳಗೆ ಗಾಡಿಯಲ್ಲೇ ಇದ್ದಾನಂತೆ, ಅಷ್ಟು ಖುಷಿ ಅವನಿಗೆ. ನಿನಗೂ ಕೆಲಸ ಆಯ್ತಂತೆ! ನನಗೆ ಇವತ್ತು ನಿದ್ದೆ ಬರ್ತದೆ." ಇಷ್ಟು ಹೇಳಿ ಉಮ್ಮ ಒಮ್ಮೆ ಉಸಿರು ತೆಗೆದುಕೊಂಡರು. ಸ್ವರ ಬದಲಾಯಿತು. "ಆದ್ರೆ ಮಗಾ, ಇಬ್ಬರೂ ಕೆಲಸಕ್ಕೆ ಹೋದ್ರೆ ಅಡುಗೆ ಯಾರು ಮಾಡುದು? ಮಗುವನ್ನು ಯಾರು ನೋಡುದು?"

ಹಿಶಾಮ್ ಶಹನಾಳತ್ತ ನೋಡಿದ. ಅವಳು ಈ ಸಲ ಬಾಯಿ ತೆರೆಯಲಿಲ್ಲ.

"ನಾನು, ಉಮ್ಮಾ. ಕೆಲಸ ಸಿಕ್ಕಿದ್ದು ಶಹನಾಳಿಗೆ ಮಾತ್ರ. ನಾನು ಮನೆಯಲ್ಲಿ ಇರುದು. ಅಡುಗೆ ಮಾಡಿಕೊಂಡು, ಮಗುವನ್ನು ನೋಡಿಕೊಂಡು."

ಉಮ್ಮ ನಗತೊಡಗಿದರು. ನಗುತ್ತಲೇ ಒಳಕೋಣೆಯಲ್ಲಿದ್ದ ಮಗಳನ್ನು ಕೂಗಿದರು: "ರೈಹಾನಾ, ಬಾ ಇಲ್ಲಿ, ಕೇಳು! ನಿನ್ನ ಅಣ್ಣನ ತಮಾಷೆ ಇನ್ನೂ ಹೋಗ್ಲಿಲ್ಲ!"