ಹಸಿರು ಬಣ್ಣದಡಿಯ ದನಿ

ಗಾಡಿಯ ತಗಡು ತಾನು ಕೇಳಿದ ಮಾತನ್ನು ಬಣ್ಣದಡಿ ಹಿಡಿದಿಟ್ಟುಕೊಳ್ಳುವುದೂ, ಬಣ್ಣ ಕೆರೆದಾಗ ಅದನ್ನು ಒಂದೇ ಸಲ ಆಡಿ ಮುಗಿಸುವುದೂ ಬೆಳಗಾವಿಯ ಹಸನಸಾಬನಿಗೆ ಹೊಸತಲ್ಲ. ಗ್ಯಾರೇಜಿಗೆ ಬಂದ ಎಷ್ಟೋ ಗಾಡಿಗಳ ಜಗಳ, ಹಾಡು ಕೇಳುತ್ತಲೇ ಅವನು ಚಹಾ ಕುಡಿದಿದ್ದ. ಆದರೆ ಅಂದು ಹಳೆಯ ಮಿಲಿಟರಿ ಆಂಬುಲೆನ್ಸಿನ ಹಸಿರು ಬಣ್ಣ ಕೆರೆಯುವಾಗ, "ನಾ ಬೈಲಹೊಂಗಲದ ರುದ್ರಗೌಡ. ನಮ್ಮ ನೀಲಗಂಗಾಗ ಹೇಳ್ರಿ..." ಎಂದು ದನಿಯೊಂದು ನರಳಿತು. ಅವನು ಕೈ ತಡೆದು, ಬೈಲಹೊಂಗಲದಲ್ಲಿ ವಿಚಾರಿಸಿ, ಸಿಪಾಯಿ ರುದ್ರಗೌಡನ ಹೆಂಡತಿಯನ್ನು ಕರೆಸಿದ.

ಬಂದ ನೀಲಗಂಗವ್ವನ ತಲೆ ಪೂರಾ ಬೆಳ್ಳಗಾಗಿತ್ತು. "ಗುಂಡು ತಗಲಿದ ಕೂಡಲೇ ಜೀವ ಹೋತು, ನೋವು ಉಣ್ಣಲಿಲ್ಲ ಅಂತ ಮಿಲಿಟರಿಯವ್ರು ಹೇಳಿದ್ರಪಾ," ಎಂದಳು.

"ಬ್ಯಾಡಂದ್ರ ಹೇಳ್ರಿ ಅವ್ವಾರ, ಮ್ಯಾಲೆ ಬಣ್ಣ ಹೊಡದು ಮುಚ್ಚಿಬಿಡ್ತೀನಿ."

"ಮುಚ್ಚಿದ್ರ ಅವ್ರು ಒಳಗ ಒಬ್ಬರ ನರಳ್ಕೋತ ಇರಬೇಕೇನು? ಕೆರಿ ತಮ್ಮಾ."

ಹಸನಸಾಬ ಕೆರೆದ. ದನಿ ನೀರು ಬೇಡಿತು, ದವಾಖಾನೆ ಎಷ್ಟು ದೂರ ಎಂದಿತು, ಆಮೇಲೆ ತೀರ ಸಣ್ಣಗೆ, "ನೀಲಾ, ಎಲ್ಲಿದ್ದೀ?" ಎಂದು ಕೇಳಿತು.

"ಇಲ್ಲೇ ಅದೀನ್ರಿ," ಎಂದು ಆಕೆ ತಗಡಿಗೆ ಕೆನ್ನೆ ಹಚ್ಚಿದಳು.

ಮುಂದೆ ಬಂದದ್ದು ಬರೀ ಇಂಜಿನ್ನಿನ ಸದ್ದು. ಅದು ನಿಲ್ಲುವವರೆಗೂ ಹಸನಸಾಬ ಕೆರೆದ, ಆಕೆ ತಗಡಿನಿಂದ ಕೆನ್ನೆ ತೆಗೆಯಲಿಲ್ಲ.