ಸೀಸೆಗೆ ಸೇರಿದ ಹೊಲ

"ನಮ್ಮ ಹೊಲ ನಮಗೆ ವಾಪಸ್ ಕೊಡಿ ಮೇಷ್ಟ್ರೇ!"

ಬಾಗಿಲಲ್ಲಿ ನಿಂತ ದ್ಯಾವಮ್ಮನ ಕೂಗಿಗೆ ಮೂರನೇ ತರಗತಿಯ ಓದು ಗಕ್ಕನೆ ನಿಂತಿತು. ಕೋದಂಡರಾಮಯ್ಯ ಮೇಷ್ಟ್ರು ಪುಸ್ತಕ ಕೆಳಗಿಟ್ಟರು. ಅನುಗೊಂಡನಹಳ್ಳಿ ಪಕ್ಕದ ಆ ಊರಿಗೆ ಅವರು ಬಂದು ಮೂರು ತಿಂಗಳಾಗಿತ್ತು. ಯಾರ ಹೊಲಕ್ಕೂ ಕಾಲಿಟ್ಟವರಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ಅವರಿಗೆ ನೂಲಿನ ಗುಣ ಬೆರಳಿಗೇ ಗೊತ್ತಿತ್ತು. ಮಣ್ಣಿನ ಗುಣ ಮಾತ್ರ ಪುಸ್ತಕ ನೋಡಿಯೇ ಹೇಳಬೇಕಿತ್ತು.

"ನಾನ್ಯಾವ ಹೊಲ ತಗೊಂಡೆ ಅಜ್ಜಿ?"

"ಅದೇನು ಮತ್ತೆ?" ಮುದುಕಿ ಕಿಟಕಿಯತ್ತ ಬೆರಳು ಮಾಡಿದಳು.

ಕಿಟಕಿಯಲ್ಲಿ ಹನ್ನೆರಡು ಔಷಧದ ಸೀಸೆಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮಾರನೆಯ ವರ್ಷ ಅದು, ಗಾಜಿನ ಸಾಮಾನು ಸುಲಭಕ್ಕೆ ಸಿಗುತ್ತಿರಲಿಲ್ಲ. ಮೇಷ್ಟ್ರು ಹೊಸಕೋಟೆಯ ಆಸ್ಪತ್ರೆಯಲ್ಲಿ ಕಾಡಿ ಬೇಡಿ ಅವನ್ನು ತಂದಿದ್ದರು. ಮಕ್ಕಳು ಒಬ್ಬೊಬ್ಬರೂ ತಮ್ಮ ಹೊಲದಿಂದ ಹಿಡಿ ಮಣ್ಣು ತಂದು ಸೀಸೆಗೆ ಹಾಕಿ, ನೀರು ಹೊಯ್ದು, ಚೆನ್ನಾಗಿ ಅಲ್ಲಾಡಿಸಿ ಇಟ್ಟಿದ್ದರು. ರಾತ್ರಿ ಕಳೆಯುವಷ್ಟರಲ್ಲಿ ಮರಳು ತಳಕ್ಕೂ ಜೇಡಿ ಮೇಲಕ್ಕೂ ಪದರ ಪದರವಾಗಿ ಕೂತಿತ್ತು. ಪ್ರತಿ ಸೀಸೆಗೂ ಒಂದೊಂದು ಚೀಟಿ ಅಂಟಿಸಿತ್ತು.

"ನಮ್ಮುಡುಗಿ ಕೈಯಿಂದ ಮಣ್ಣು ಇಸ್ಕೊಂಡ್ರಿ. ನೀರು ಬಿಟ್ರಿ. ಮೇಲೆ ಕಾಗದಾನೂ ಬರೆದ್ರಿ. ಇನ್ನೇನು ಸ್ವಾಮಿ ಬಾಕಿ ಇರೋದು? ಮದುವೇಲಿ ಅರಿಸಿನ ಕುಂಕುಮಕ್ಕೆ ಅಂತ ನಮ್ಮಪ್ಪ ನಂಗೆ ಆ ಹೊಲ ಕೊಟ್ಟಿದ್ದೂ ಹಿಂಗೇಯ. ಹಿಡಿ ಮಣ್ಣು ಕೈಗಾಕಿ, ನೀರು ಬಿಟ್ಟು!"

ಮೇಷ್ಟ್ರಿಗೆ ನಗು ಬಂತು. ಆದರೆ ಮುದುಕಿಯ ಕಣ್ಣು ತುಂಬಿದ್ದನ್ನು ಕಂಡು ನುಂಗಿಕೊಂಡರು. ತಾನು ತಿಳಿಯದೆ ಒಂದೇ ದಿನದಲ್ಲಿ ಹನ್ನೆರಡು ಹೊಲ ದಾನ ಪಡೆದ ಭೂಪ ಅನ್ನಿಸಿ ನಾಚಿಕೆಯೂ ಆಯಿತು.

"ಅಯ್ಯೋ, ಅದು ಬರೀ ಪಾಠ ಅಜ್ಜಿ."

"ನಿಮ್ ಪಾಠ ನಿಮಗೇ ಇರ್ಲಿ. ಇವತ್ತು ಹೊಲ ಹೋಯ್ತು, ನಾಳೆ ಮನೆ ಹೋಯ್ತದೆ. ಇವಳಿನ್ನು ಇಸ್ಕೂಲಿಗೆ ಬರಾಕಿಲ್ಲ. ಏಳೇ ಮುನಿಲಕ್ಷ್ಮಿ!"

ತರಗತಿಗೆ ಇದ್ದವಳೇ ಒಬ್ಬಳು ಹುಡುಗಿ. ಅವಳು ಎದ್ದಳು, ಆದರೆ ಬಾಗಿಲಿಗೆ ಹೋಗಲಿಲ್ಲ. ಕಿಟಕಿಗೆ ಹೋಗಿ ತನ್ನ ಸೀಸೆ ಎತ್ತಿಕೊಂಡು ಬಂದು ಅಜ್ಜಿಯ ಮುಂದೆ ಹಿಡಿದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಮುನಿಲಕ್ಷ್ಮಿ ತಂದ ಮಣ್ಣು. ಮುಕ್ಕಾಲು ಪಾಲು ಮರಳು. ನೀರು ನಿಲ್ಲುವುದಿಲ್ಲ. ಕೆರೆಯ ಗೋಡುಮಣ್ಣು ಹೊಡೆಯಬೇಕು." ಆಮೇಲೆ ತಲೆಯೆತ್ತಿ, "ಇಷ್ಟೇ ಅಜ್ಜಿ ಇರೋದು. ಹೊಲ ಕೊಟ್ಟಿದೀವಿ ಅಂತ ಎಲ್ಲೂ ಇಲ್ಲ" ಅಂದಳು.

ದ್ಯಾವಮ್ಮ ಚೀಟಿಯನ್ನೂ ಮೊಮ್ಮಗಳನ್ನೂ ಸರದಿಯಲ್ಲಿ ನೋಡಿದಳು.

"ಇದನ್ನ ಯಾರು ಬರೆದಿದ್ದು?"

"ನಾನೇ."

"ನೀರು ನಿಲ್ಲಾಕಿಲ್ಲ ಅಂತ ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಸೀಸೆ ನೋಡಿ ತಿಳ್ಕೊಂಡೆ."

"ಹತ್ತು ವರ್ಸ ರಾಗಿ ಒಣಗಿಸ್ಕೊಂಡ್ಮೇಲೆ ನಂಗೆ ತಿಳೀತು ಕಣೇ ಅದು," ಅಂದಳು ಮುದುಕಿ. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. ಮೇಷ್ಟ್ರ ಕಡೆ ತಿರುಗಿದಳು. "ಏನೇ ಆದ್ರೂ ಮಣ್ಣು ಕೈ ದಾಟೈತೆ. ಅದು ವಾಪಸ್ ಬರ್ಬೇಕು."

"ಬೇಡ ಅಂದೋರ್ಯಾರು? ಕೈ ನೀಡಿ." ಮೇಷ್ಟ್ರು ಸೀಸೆಯ ಬಿರಡೆ ತೆಗೆದರು.

ದ್ಯಾವಮ್ಮ ಕೈ ನೀಡಿದಳು. ಸೀಸೆ ಬಗ್ಗುವಷ್ಟರಲ್ಲಿ ಏನೋ ಹೊಳೆದವಳಂತೆ ಹಿಂದಕ್ಕೆ ಎಳೆದುಕೊಂಡು, ಮೊಮ್ಮಗಳ ಎರಡೂ ಕೈ ಹಿಡಿದು ಬೊಗಸೆ ಮಾಡಿ ಮುಂದೆ ಚಾಚಿದಳು.

"ಇವಳ ಕೈಗೆ ಬಿಡಿ."

ಊರ ಪದ್ಧತಿಯನ್ನು ಈಗಷ್ಟೇ ಅರೆಬರೆ ಕಲಿತಿದ್ದ ಮೇಷ್ಟ್ರು ಅನುಮಾನಿಸಿದರು. "ಹಾಗೆ ಮಾಡಿದ್ರೆ ಹೊಲ ಇವಳದಾಗುತ್ತಲ್ಲ ಅಜ್ಜಿ? ನಿಮ್ಮ ಮಗ ಏನಂತಾರೋ."

"ಅದು ನಮ್ಮಪ್ಪ ಕೊಟ್ಟಿದ್ದು, ಮಗನದ್ದಲ್ಲ. ಸಾಕ್ಷಿಗೆ ಇಷ್ಟು ಐಕ್ಳವ್ರೆ. ಬಿಡಿ ಸ್ವಾಮಿ."

ಸೀಸೆಯಿಂದ ಕೆಂಪು ನೀರು ಮಣ್ಣಿನ ಸಮೇತ ಬುಳುಬುಳು ಇಳಿಯಿತು. ಹುಡುಗಿಯ ಬೊಗಸೆ ತುಂಬಿ ಮೊಣಕೈವರೆಗೂ ಸೋರಿತು. ಹನ್ನೊಂದು ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಮೇಷ್ಟ್ರೂ ಖಾಲಿ ಸೀಸೆ ಹಿಡಿದು ಹಾಗೇ ನಿಂತಿದ್ದರು.

"ಇನ್ನೇನು ನೋಡ್ತಾ ನಿಂತಿದೀರ?" ಮೆಟ್ಟಿಲಿಳಿಯುತ್ತಾ ದ್ಯಾವಮ್ಮ ಗದರಿದಳು. "ಹೊಲದ ಯಜಮಾನ್ತಿ ಅವಳು. ಕೂರಿಸ್ಕೊಂಡು ಓದ್ಸಿ!"