ಹುಳಿ ಮಣ್ಣು

ಹೊರಗಿನ ನೆಲದಲ್ಲಿ ಹುಲ್ಲೂ ಹುಟ್ಟದಂತಾದ ಮೇಲೆ, ನೋವಿನ ಕಾಯಿಲೆಯವರಿಗೆ ಸರ್ಕಾರ ಮನೆಗೊಂದು ಗಾಂಜಾ ಗಿಡ ಕೊಡುತ್ತಿತ್ತು. ಅದರ ಎಣ್ಣೆಯೇ ಔಷಧ. ಗಿಡ ಸತ್ತರೆ ಇನ್ನೊಂದಿಲ್ಲ. ಗಿಡಗಳ ಡಾಕ್ಟರ್ ವನಮಾಲಾ ಬಂದಾಗ, ಸರ್ವಮಂಗಳಮ್ಮನ ಗಿಡ ಅವರ ಮಂಚದ ಪಕ್ಕ, ನೇರಳೆ ದೀಪದ ಕೆಳಗೆ, ಎಲೆಯೆಲ್ಲ ಹಳದಿಯಾಗಿ ಜೋತುಬಿದ್ದಿತ್ತು.

“ಎರಡು ಪಟ್ಟು ಗೊಬ್ಬರ ಹಾಕಿದೀನಿ ಡಾಕ್ಟ್ರೇ, ಮೈಗೇ ಹತ್ತುತ್ತಿಲ್ಲ,” ಎಂದರು ಗಂಡ ನಂಜುಂಡಯ್ಯ.

ವನಮಾಲಾ ಹಸಿ ಮಣ್ಣಿಗೆ ಪರೀಕ್ಷೆಯ ಕಾಗದ ಒತ್ತಿದಳು. ಕಾಗದ ಕೆಂಪಗಾಯಿತು.

“ಗೊಬ್ಬರ ಬೇಕಾದಷ್ಟಿದೆ. ಮಣ್ಣು ಹುಳಿಯಾಗಿದೆ, ಬೇರಿಗೆ ತಗೊಳ್ಳೋಕಾಗ್ತಿಲ್ಲ. ಕರಿಬೇವಿಗೆ ಹಾಕೋ ಹಾಗೆ ಇದಕ್ಕೂ ಮಜ್ಜಿಗೆ ಹಾಕ್ತಿದೀರಾ?”

“ಛೆ ಛೆ, ಮಜ್ಜಿಗೆಯೆಲ್ಲ ಇವಳಿಗೇ. ಅನ್ನ ಬಿಟ್ಟು ತಿಂಗಳಾಯ್ತು. ಇಂಗು ಹಾಕಿದ ಮಜ್ಜಿಗೆ ಮಾತ್ರ ದಿನಕ್ಕೆ ಮೂರು ಲೋಟ, ಒಂದು ತೊಟ್ಟೂ ಉಳಿಸಲ್ಲ!”

ವನಮಾಲಾ ಚಿಟಿಕೆ ಮಣ್ಣೆತ್ತಿ ಮೂಸಿದಳು. ಇಂಗಿನ ವಾಸನೆ. ತಲೆಯೆತ್ತಿದರೆ, ಮಂಚದ ಮೇಲೆ ಮೂಳೆಚಕ್ಕಳವಾಗಿದ್ದ ಸರ್ವಮಂಗಳಮ್ಮ ಅವಳನ್ನೇ ನೋಡುತ್ತಿದ್ದರು. ಹೇಳಬೇಡ ಎಂಬಂತೆ ಮೆಲ್ಲನೆ ತಲೆಯಾಡಿಸಿದರು.

“ಸ್ವಲ್ಪ ಸುಣ್ಣ ಬೆರೆಸಿ,” ಎಂದಳು ವನಮಾಲಾ. “ಗಿಡ ಉಳಿಯುತ್ತೆ.”

“ಮಂಗಳಾ, ಕೇಳಿದ್ಯಾ? ಉಳಿಯುತ್ತಂತೆ!” ನಂಜುಂಡಯ್ಯನವರ ಮುಖ ಅರಳಿತು. “ತಾಳು, ನಿನ್ನ ಮಜ್ಜಿಗೆ ತರ್ತೀನಿ.”

ಅವರು ಅಡುಗೆಮನೆಗೆ ಹೋದದ್ದೇ ತಡ, ವನಮಾಲಾ ಚೀಲದಿಂದ ಮಣ್ಣು ತುಂಬುವ ಖಾಲಿ ಡಬ್ಬ ತೆಗೆದು ಮಂಚದ ಕೆಳಗೆ, ಆ ಸೊರಗಿದ ಕೈಗೆ ಎಟುಕುವಂತೆ ಇಟ್ಟಳು.

“ಇನ್ಮೇಲೆ ಗಿಡಕ್ಕೆ ಬೇಡಮ್ಮಾ,” ಎಂದಳು. “ಇದಕ್ಕೆ ಸುರೀರಿ.”